ಕೊಕ್ಕರೆಯ ಕಾಲು, ಹುಲಿಯ ಪಂಜ ಮತ್ತು ಐದರ ಲೆಕ್ಕ

ತೆಂಗಿನ ತೋಟದ ಕೆಲಸ ಇರುವವರಿಗೆ ಬೇರೆ ವ್ಯಾಯಾಮ ಯಾಕೆ? ದಂಡಿನಶಿವರದ ಸುತ್ತ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲೆಲ್ಲ ಸಹಜವಾಗಿ ಬರುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುತ್ತಿ ಕಾಯಿ ಸುಲಿಯುವವರ ಬೆನ್ನು ದಿನವಿಡೀ ಒಂದೇ ಕಡೆಗೆ ಬಾಗಿ ತಿರುಚುತ್ತದೆ. ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಲು ಕೂತವರ ಮಂಡಿ ಗಂಟೆಗಟ್ಟಲೆ ಮಡಿಚಿಯೇ ಇರುತ್ತದೆ. ತೋಳು, ತೊಡೆಗೆ ಬಲವೇನೋ ಬರುತ್ತದೆ. ಆದರೆ ಕೀಲುಗಳು ತಿರುಗಬಲ್ಲ ಎಲ್ಲ ದಿಕ್ಕುಗಳಿಗೂ ತಿರುಗುವುದಿಲ್ಲ. ಒಂದು ಕಡೆ ಸವೆತ, ಇನ್ನೊಂದು ಕಡೆ ಬಿಗಿತ.

ಸುಮಾರು 1,800 ವರ್ಷಗಳ ಹಿಂದೆ ಚೀನಾದ ಹುವಾ ತುವೋ ಎಂಬ ವೈದ್ಯ ದೇಹವನ್ನು ಎಲ್ಲ ದಿಕ್ಕಿಗೂ ಆಡಿಸಲು ಐದು ಗುರುಗಳನ್ನು ಹುಡುಕಿದ: ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ. ಸೇನಾಧಿಪತಿ ತ್ಸಾವೋ ತ್ಸಾವೋನ ಆಜ್ಞೆಯಂತೆ ಕೊಲ್ಲಲ್ಪಟ್ಟ ಈ ವೈದ್ಯನ ಕಥೆ ಮೂರನೇ ಶತಮಾನದ ಚರಿತ್ರೆಯೊಂದರಲ್ಲಿದೆ. ದೇಹ ಆಡುತ್ತಿರಬೇಕು, ಆದರೆ ದಣಿದು ಬೀಳುವಷ್ಟು ಆಡಬಾರದು. ಮೈ ಜಡವಾದಾಗ ಒಂದು ಪ್ರಾಣಿಯ ಆಟ ಆಡಿ ಬೆವರು ಬರಿಸಿಕೊಳ್ಳಬೇಕು ಎಂದು ಅವನು ಶಿಷ್ಯ ವೂ ಪೂಗೆ ಹೇಳಿದನಂತೆ. ಶಿಷ್ಯ ತೊಂಬತ್ತು ದಾಟಿದ, ಆಗಲೂ ಅವನ ಹಲ್ಲು ಗಟ್ಟಿಯಾಗಿದ್ದವು ಎಂದು ಆ ಚರಿತ್ರೆ ಹೇಳುತ್ತದೆ.

ಪ್ರಾಣಿಗಳನ್ನು ಅನುಕರಿಸುವ ಪದ್ಧತಿ ಅವನಿಗಿಂತಲೂ ಹಳೆಯದು. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಸಮಾಧಿಯಲ್ಲಿ ಒಂದು ರೇಷ್ಮೆ ಪಟ ಸಿಕ್ಕಿತು. ಆ ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಪಟದಲ್ಲಿ ವ್ಯಾಯಾಮ ಮಾಡುತ್ತಿರುವ 44 ಗಂಡಸರು, ಹೆಂಗಸರ ಚಿತ್ರಗಳಿವೆ. ಕೆಲವು ಭಂಗಿಗಳ ಪಕ್ಕದಲ್ಲಿ ಕರಡಿ, ಕೋತಿ, ಕೊಕ್ಕರೆಗಳ ಹೆಸರು ಬರೆದಿದೆ. ಇಂಥ ಅಭ್ಯಾಸಗಳಿಗೆಲ್ಲ ಒಟ್ಟಾಗಿ ಚಿಗಾಂಗ್ ಎಂಬ ಹೆಸರು ಚಾಲ್ತಿಗೆ ಬಂದದ್ದು 1950ರ ದಶಕದಲ್ಲಿ. ಚೀನಾದ ಕ್ರೀಡಾ ಇಲಾಖೆ 2003ರಲ್ಲಿ ಐದು ಪ್ರಾಣಿಗಳ ಆಟಕ್ಕೆ ಒಂದು ಸಾರ್ವಜನಿಕ ರೂಪ ಕೊಟ್ಟಿತು.

ಆ ರೂಪದಲ್ಲಿ ಹುಲಿ ಬೆರಳುಗಳನ್ನು ಪಂಜದಂತೆ ಬಿಚ್ಚಿ ಮಡಿಚುತ್ತದೆ, ಬೆನ್ನನ್ನು ಚಾಚಿ ಬೇಟೆಗೆ ಎರಗುತ್ತದೆ. ಜಿಂಕೆ ಕೊಂಬು ತಿವಿಯುವಂತೆ ನಡುವನ್ನು ಪಕ್ಕಕ್ಕೆ ಬಳುಕಿಸುತ್ತದೆ. ಕರಡಿ ಸೊಂಟ ತಿರುಗಿಸುತ್ತಾ, ಭಾರವನ್ನು ಕಾಲಿಂದ ಕಾಲಿಗೆ ದಾಟಿಸುತ್ತಾ ತೂಗುತ್ತದೆ. ಕೋತಿ ಹೆಗಲು ಕುಗ್ಗಿಸಿ ತುದಿಗಾಲಲ್ಲಿ ನಿಲ್ಲುತ್ತದೆ, ಹಣ್ಣು ಕೀಳುತ್ತದೆ. ಹಕ್ಕಿ ಕೊಕ್ಕರೆಯಂತೆ ರೆಕ್ಕೆ ಬಿಚ್ಚಿ ಒಂಟಿಕಾಲಲ್ಲಿ ನಿಲ್ಲುತ್ತದೆ. ಎಡಕ್ಕೆ ಮಾಡಿದ್ದನ್ನೆಲ್ಲ ಬಲಕ್ಕೂ ಮಾಡಬೇಕು. ತೋಟದ ಕೆಲಸದಲ್ಲಿ ಇಲ್ಲದಿರುವುದು ಈ ಎರಡೂ ಕಡೆಯ ಲೆಕ್ಕವೇ.

ನಮ್ಮಲ್ಲೂ ಪ್ರಾಣಿಗಳು ಗುರುಗಳಾಗಿದ್ದವು. ಸಿಂಹ, ಮಯೂರ, ಕುಕ್ಕುಟ, ಕೂರ್ಮ, ಮಂಡೂಕ, ಶಲಭ, ಮಕರ, ಉಷ್ಟ್ರ, ಭುಜಂಗ, ಎಲ್ಲವೂ ಆಸನಗಳ ಹೆಸರೇ. ಜೀವಜಾತಿಗಳು ಎಷ್ಟಿವೆಯೋ ಆಸನಗಳೂ ಅಷ್ಟು ಎನ್ನುವ ಘೇರಂಡ ಸಂಹಿತೆ, ಅವುಗಳಲ್ಲಿ ಮನುಷ್ಯರಿಗೆ 32 ಸಾಕು ಎಂದು ಆರಿಸಿಕೊಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. 1930ರ ದಶಕದಲ್ಲಿ ಅದೇ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಸೀಮೆಯವರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಬಂತು. ಅವರ ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರು ಹಾಸನದ ಹತ್ತಿರದ ಕೌಶಿಕದವರು, ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನವರು. ವ್ಯತ್ಯಾಸ ಇಷ್ಟೇ: ಆಸನದಲ್ಲಿ ಪ್ರಾಣಿಯ ಆಕಾರ ತಳೆದು ಸ್ಥಿರವಾಗಿ ನಿಲ್ಲುತ್ತೇವೆ, ಚೀನೀಯರ ಆಟದಲ್ಲಿ ಪ್ರಾಣಿಯ ಚಲನೆಯನ್ನೇ ನಿಧಾನವಾಗಿ ಆಡುತ್ತೇವೆ.

ಆ ನಿಧಾನಕ್ಕೆ ಕಾರಣವಿದೆ. ಬೇಗ ಕಾಲೆತ್ತಿದರೆ ವೇಗವೇ ಕಾಲನ್ನು ಸಾಗಿಸಿಬಿಡುತ್ತದೆ. ನಿಧಾನವಾಗಿ ಎತ್ತಿದರೆ ಪ್ರತಿ ಅಂಗುಲದಲ್ಲೂ ಸ್ನಾಯು ಭಾರ ಹೊರಬೇಕು. ಇನ್ನು ನಾವು ಬೀಳದೆ ನಿಲ್ಲುವುದು ಮೂರು ಮೂಲಗಳ ಸುದ್ದಿಯಿಂದ: ಕಣ್ಣು, ಒಳಗಿವಿ, ಹಾಗೂ ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ರಾತ್ರಿ ಹಿತ್ತಲಿಗೆ ಹೋಗುವಾಗ ಕಣ್ಣಿನ ಸುದ್ದಿ ಇನ್ನೂ ಕಡಿಮೆ. ಆಗ ಕೈಹಿಡಿಯಬೇಕಾದದ್ದು ಪಾದದ ಅರಿವು. ಒಂಟಿಕಾಲ ಕೊಕ್ಕರೆ, ತೂಗುವ ಕರಡಿ ತಿದ್ದುವುದು ಅದನ್ನೇ. ಉಸಿರಾಟ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದರೆ ರಕ್ತದೊತ್ತಡವನ್ನು ಗಮನಿಸುವ ನರಸಂವೇದಕಗಳ ಪ್ರತಿಕ್ರಿಯೆ ಚುರುಕಾಗುತ್ತದೆ, ಹೃದಯದ ಬಡಿತ ಶಾಂತವಾಗುತ್ತದೆ. ಇದಕ್ಕೆ ‘ಛೀ’ ಎಂಬ ಪ್ರಾಣಶಕ್ತಿಯ ವಿವರಣೆಯ ಅಗತ್ಯವಿಲ್ಲ.

ಪುರಾವೆ ಹೆಚ್ಚು ಇರುವುದು ಇದರ ಸೋದರ ಪದ್ಧತಿಯಾದ ತಾಯ್ ಚಿ ಬಗ್ಗೆ. 2012ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯನ್ನು ಮೂರು ಗುಂಪು ಮಾಡಿ, 24 ವಾರ ಬೇರೆ ಬೇರೆ ವ್ಯಾಯಾಮ ಕಲಿಸಿದರು. ತಾಯ್ ಚಿ ಗುಂಪಿನವರ ಸಮತೋಲನ ಉಳಿದೆರಡು ಗುಂಪುಗಳಿಗಿಂತ ಚೆನ್ನಾಗಿ ಸುಧಾರಿಸಿತು. ಹಿರಿಯರ ಬೀಳುವಿಕೆ ಕುರಿತ 108 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2019ರ ಕಾಕ್ರೇನ್ ವಿಮರ್ಶೆಯಲ್ಲಿ ತಾಯ್ ಚಿಯಿಂದ ಬೀಳುವ ಪ್ರಮಾಣ ಶೇ. 19ರಷ್ಟು ತಗ್ಗಬಹುದು ಎಂಬ ಅಂದಾಜು ಬಂತು. ಅಲ್ಲೇ ಇನ್ನೊಂದು ಸಂಗತಿಯೂ ಇದೆ: ಸಮತೋಲನ ಮತ್ತು ನಿತ್ಯದ ಚಲನೆಗಳನ್ನು ಅಭ್ಯಾಸ ಮಾಡಿಸುವ ಸಾದಾ ವ್ಯಾಯಾಮದಿಂದ ಶೇ. 24. ಕೆಲಸ ಮಾಡುವುದು ಪ್ರಾಣಿಯ ಹೆಸರಲ್ಲ, ಚಲನೆ. 2022ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನದಲ್ಲಿ 51ರಿಂದ 75 ವಯಸ್ಸಿನ 1,702 ಮಂದಿಗೆ ಹತ್ತು ಸೆಕೆಂಡ್ ಒಂಟಿಕಾಲಲ್ಲಿ ನಿಲ್ಲಲು ಹೇಳಿದರು. ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಮುಂದಿನ ಸುಮಾರು ಏಳು ವರ್ಷಗಳಲ್ಲಿ ಅವರ ಸಾವಿನ ಅಪಾಯ ಉಳಿದವರಿಗಿಂತ ಶೇ. 84ರಷ್ಟು ಹೆಚ್ಚಿತ್ತು. ಒಂಟಿಕಾಲ ನಿಲುವು ಆಯುಸ್ಸು ಕೊಡುತ್ತದೆ ಎಂದು ಇದರ ಅರ್ಥವಲ್ಲ. ಅದು ದೇಹದ ಒಟ್ಟು ಸ್ಥಿತಿಯ ಸೂಚಕ.

ಇಷ್ಟು ಪ್ರಾಣಿಗಳ ಪಾಲು. ಅವುಗಳಿಗೆ ಚೀನೀಯರು ಜೋಡಿಸಿದ ಪಂಚತತ್ತ್ವದ ಲೆಕ್ಕ ಬೇರೆ.

ನಮ್ಮ ಪಂಚಭೂತಗಳಲ್ಲಿರುವ ಗಾಳಿ, ಆಕಾಶ ಚೀನೀಯರ ಐದರಲ್ಲಿ ಇಲ್ಲ. ಬದಲಿಗೆ ಮರ, ಲೋಹ ಇವೆ. ಮರ, ಬೆಂಕಿ, ಮಣ್ಣು, ಲೋಹ, ನೀರು ಒಂದನ್ನೊಂದು ಹುಟ್ಟಿಸುತ್ತವೆ, ಒಂದನ್ನೊಂದು ಅಡಗಿಸುತ್ತವೆ. ಇದನ್ನು ತೆಂಗಿನ ತೋಟದಲ್ಲೇ ಕಾಣಬಹುದು. ಮರದ ಗರಿ, ಚಿಪ್ಪು ಒಲೆಗೆ ಬೆಂಕಿಯಾಗುತ್ತದೆ. ಬೆಂಕಿ ಬೂದಿಯಾಗಿ ಮಣ್ಣು ಸೇರುತ್ತದೆ. ಬೂದಿಯಲ್ಲಿರುವ ಪೊಟ್ಯಾಶ್ ತೆಂಗಿಗೆ ಬೇಕಾದ ಗೊಬ್ಬರವೇ ಆದ್ದರಿಂದ ಇಲ್ಲಿ ರಸಾಯನಶಾಸ್ತ್ರವೂ ತಲೆಯಾಡಿಸುತ್ತದೆ. ಮಣ್ಣಿನಿಂದ ಲೋಹ, ನೀರಿನಿಂದ ಮತ್ತೆ ಮರ. ಅಡಗಿಸುವ ಸುತ್ತಿನಲ್ಲಿ ಮಚ್ಚು ಮರವನ್ನು ಕಡಿಯುತ್ತದೆ, ಬದುವಿನ ಮಣ್ಣು ನೀರನ್ನು ತಡೆಯುತ್ತದೆ. ಆದರೆ ಲೋಹದಿಂದ ನೀರು ಹುಟ್ಟುತ್ತದೆ ಎಂಬ ಕೊಂಡಿ ಕಳಚುತ್ತದೆ: ತಣ್ಣನೆಯ ಚೊಂಬಿನ ಮೇಲೆ ಕೂರುವ ಹನಿ ಲೋಹದಿಂದಲ್ಲ, ಗಾಳಿಯ ತೇವದಿಂದ ಬಂದದ್ದು. ಸುತ್ತು ಪೂರ್ತಿಯಾಗಲೇಬೇಕು ಎಂಬ ಹಟ ಇಲ್ಲಿ ನಿಸರ್ಗವನ್ನು ಮೀರಿತು.

ದೇಹದ ವಿಷಯದಲ್ಲಿ ಈ ಹಟ ಇನ್ನೂ ಸ್ಪಷ್ಟ. ಹುವಾ ತುವೋನ ಚರಿತ್ರೆಯಲ್ಲಿ ಐದು ಪ್ರಾಣಿಗಳಿವೆ, ತತ್ತ್ವಗಳ ಮೂಲಕ ಅವುಗಳಿಗೆ ಹೊಂದಿಸಿದ ಐದು ಅಂಗಗಳಿಲ್ಲ. ಆ ಜೋಡಣೆ ಅನಂತರದ್ದು. ಚೀನಾದಲ್ಲಿ ಇಂದು ಕಲಿಸುವ ರೂಪದಲ್ಲಿ ಹುಲಿ ಪಿತ್ತಜನಕಾಂಗಕ್ಕೆ, ಜಿಂಕೆ ಮೂತ್ರಪಿಂಡಕ್ಕೆ, ಹಕ್ಕಿ ಶ್ವಾಸಕೋಶಕ್ಕೆ. ಇನ್ನೊಂದು ಪರಂಪರೆಯಲ್ಲಿ ಹುಲಿ ಶ್ವಾಸಕೋಶಕ್ಕೆ, ಜಿಂಕೆ ಪಿತ್ತಜನಕಾಂಗಕ್ಕೆ, ಹಕ್ಕಿ ಹೃದಯಕ್ಕೆ. ರೋಗಿಗಳನ್ನು ಪರೀಕ್ಷಿಸಿ ಕಂಡುಕೊಂಡ ಸಂಬಂಧವಾಗಿದ್ದರೆ ಇಬ್ಬರಿಗೂ ಒಂದೇ ಉತ್ತರ ಸಿಗಬೇಕಿತ್ತು.

ಈ ಅನುಮಾನ ಆಧುನಿಕರದ್ದಷ್ಟೇ ಅಲ್ಲ. ಮೊದಲನೇ ಶತಮಾನದ ವಾಂಗ್ ಚುಂಗ್ ತನ್ನ ‘ಲುನ್‌ಹೆಂಗ್’ ಗ್ರಂಥದಲ್ಲಿ ಪ್ರಾಣಿಗಳನ್ನೇ ಇಟ್ಟುಕೊಂಡು ಈ ತತ್ತ್ವಗಳ ಗೇಲಿ ಮಾಡಿದ. ಚೀನೀ ಪಂಚಾಂಗದ ಹನ್ನೆರಡು ಪ್ರಾಣಿಗಳಲ್ಲಿ ಇಲಿ ನೀರಿಗೆ ಸೇರಿದ್ದು, ಕುದುರೆ ಬೆಂಕಿಗೆ. ನೀರು ಬೆಂಕಿಯನ್ನು ಗೆಲ್ಲುವುದಾದರೆ ಇಲಿ ಕುದುರೆಯನ್ನು ಯಾಕೆ ಅಟ್ಟುವುದಿಲ್ಲ? ಕೋಳಿ ಲೋಹ, ಮೊಲ ಮರ. ಹಾಗಾದರೆ ಕೋಳಿ ಮೊಲವನ್ನು ಯಾಕೆ ಕುಕ್ಕುವುದಿಲ್ಲ? ಪ್ರಾಣಿಗಳು ಗೆಲ್ಲುವುದು ತಮ್ಮ ಹಲ್ಲು, ಉಗುರು, ಬಲ, ಜಾಣತನದಿಂದ ಎಂಬುದು ಅವನ ವಾದ. ಹುವಾ ತುವೋ ಹುಟ್ಟುವ ಮೊದಲೇ ಸಿದ್ಧಾಂತವನ್ನು ಕಣ್ಣೆದುರಿನ ಸಂಗತಿಯಿಂದ ಒರೆಗೆ ಹಚ್ಚಿದವನು ಅಲ್ಲೇ ಇದ್ದ.

ಹಾಗೆಂದು ಐದರ ಲೆಕ್ಕ ನಿಷ್ಪ್ರಯೋಜಕವಲ್ಲ. ಅದು ಚೆನ್ನಾಗಿ ದುಡಿಯುವ ಜಾಗ ಪಂಚಾಂಗ. ನಮ್ಮದೇ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಪ್ರತಿ ವರ್ಷವನ್ನೂ ಒಂದು ಪ್ರಾಣಿ, ಒಂದು ತತ್ತ್ವ ಸೇರಿಸಿ ಗುರುತಿಸುತ್ತಾರೆ. ಹನ್ನೆರಡು ಪ್ರಾಣಿ, ಐದು ತತ್ತ್ವ, ಒಟ್ಟು ಅರವತ್ತು ವರ್ಷದ ಸುತ್ತು. ಯುಗಾದಿಗೆ ನಾವು ಎಣಿಸುವ ಸಂವತ್ಸರಗಳೂ ಅರವತ್ತೇ. ಕಾಲಚಕ್ರ ಎಂಬ ಬೌದ್ಧ ಪರಂಪರೆಯ ಮೂಲಕ ಅವರ ಸುತ್ತು ಭಾರತದ್ದಕ್ಕೆ ಹೊಂದಿಕೊಂಡಿರುವುದರಿಂದ, 1987ರಲ್ಲಿ ನಮಗೆ ಮೊದಲ ಸಂವತ್ಸರ ಪ್ರಭವ ಬಂದಾಗ ಅವರಿಗೂ ಸುತ್ತಿನ ಮೊದಲನೆಯದಾದ ಬೆಂಕಿ-ಮೊಲದ ವರ್ಷ ಬಂತು. ಎಣಿಸಲು, ನೆನಪಿಡಲು, ಕಲಿಸಲು ಇಂಥ ಚೌಕಟ್ಟು ಬಲು ಅನುಕೂಲ. ಐದು ಪ್ರಾಣಿಗಳ ಆಟ ಮರೆಯದೆ ಉಳಿಯುವುದಕ್ಕೂ ಇದು ನೆರವಾಗಿರಬಹುದು. ಆದರೆ ರೋಗಕ್ಕೆ ಕಾರಣ ಹೇಳುವ ಕೆಲಸ ಅದರದಲ್ಲ.

ಆದ್ದರಿಂದ ಇವೆರಡನ್ನೂ ಬೇರೆ ಬೇರೆ ತೂಗಬೇಕು. ದಂಡಿನಶಿವರದ ಜಗಲಿಯಲ್ಲಿ ಕಂಬ ಹಿಡಿದು ಕೊಕ್ಕರೆಯಂತೆ ನಿಲ್ಲಲು ಖರ್ಚಿಲ್ಲ. ಯೋಗಾಸನ ರೂಢಿಯಿದ್ದವರು ವೃಕ್ಷಾಸನವನ್ನೇ ಮಾಡಿದರೂ ಆಯಿತು. ತಲೆಸುತ್ತು ಇರುವವರು, ಮೂಳೆ ಸವೆದವರು, ಮಂಡಿ ಊದಿದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಯಾವ ಪ್ರಾಣಿಯ ಭರವಸೆಯ ಮೇಲೂ ಬಿಡುವುದು ಬೇಡ. ಹುಲಿಯ ಪಂಜ ಬೆರಳಿಗೆ ಬಲ ಕೊಟ್ಟಿತೇ, ಕರಡಿಯ ತೂಗಾಟ ಸೊಂಟ ಸಡಿಲಿಸಿತೇ ಎಂಬುದನ್ನು ಕೆಲವು ವಾರಗಳಲ್ಲಿ ಯಾರು ಬೇಕಾದರೂ ತಮ್ಮ ಮೈಮೇಲೇ ನೋಡಿಕೊಳ್ಳಬಹುದು. ಪಿತ್ತಜನಕಾಂಗ ಹೇಗಿದೆ ಎಂದು ಹೇಳಬೇಕಾದದ್ದು ಮಾತ್ರ ರಕ್ತಪರೀಕ್ಷೆ.