ಜೀಪಿನ ಪಕ್ಕದ ಕನ್ನಡಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಫಿ ತೋಟವುಳ್ಳ ನಮ್ಮ ಮಿತ್ರರೊಬ್ಬರ ಬಳಿ ಹಳೆಯ ಜೀಪೊಂದಿದೆ. ಅದಕ್ಕೆ ಹೊಸ ಬಣ್ಣ ಬಳಿಸಿದಾಗ ಅವರು ಮುಂದಿನ ಎರಡು ಮಡ್‌ಗಾರ್ಡುಗಳ ಮೇಲೂ ಥಳಥಳಿಸುವ ದುಂಡು ಕನ್ನಡಿಗಳನ್ನು ಹಾಕಿಸಿದರು. ನೋಟಕ್ಕೇನೋ ಬಹಳ ಚೆನ್ನಾಗಿತ್ತು. ವಾರ ಕಳೆಯುವಷ್ಟರಲ್ಲಿ ಒಂದು ದಿನ, ಏರುದಾರಿಯಲ್ಲಿ ತಮ್ಮ ಮುಂದೆ ತೆವಳುತ್ತಿದ್ದ ಟ್ರ್ಯಾಕ್ಟರನ್ನು ಹಿಂದೆ ಹಾಕಬೇಕೆಂದು ಬಲಗನ್ನಡಿಯನ್ನು ನೋಡಿದರು. ಬಸ್ಸೊಂದು ಬೆಂಕಿಪೆಟ್ಟಿಗೆಯಷ್ಟಾಗಿ ಕಂಡಿತು. ಬಹಳ ದೂರವಿದೆಯೆಂದು ಬಗೆದು ಚಕ್ರವನ್ನು ಬಲಕ್ಕೆ ತಿರುಗಿಸಿದರು. ಆ ಕ್ಷಣವೇ ಕಿವಿಯ ಬಳಿಯಲ್ಲಿ ಹಾರನ್ನು ಕಿರುಚಿತು. ಬಸ್ಸಿನ ಚಾಲಕನು ಎಚ್ಚರದಿಂದಿದ್ದುದರಿಂದ ಒಂದು ಹೆಡ್‌ಲೈಟು ಒಡೆದುದಷ್ಟಕ್ಕೇ ವಿಷಯ ಮುಗಿಯಿತು. “ಕನ್ನಡಿ ಸುಳ್ಳು ಹೇಳಿತಲ್ಲ ಸ್ವಾಮಿ, ನೀವು ಭೌತಶಾಸ್ತ್ರದ ಮೇಷ್ಟರು, ಇದಕ್ಕೇನನ್ನುತ್ತೀರಿ?” ಎಂದು ಅವರು ನಮ್ಮನ್ನು ಕೇಳಿದರು.

ಕನ್ನಡಿ ಸುಳ್ಳು ಹೇಳುವುದಿಲ್ಲ. ಆದರೆ ಅದು ಯಾವ ಬಗೆಯ ಕನ್ನಡಿ, ಕಣ್ಣಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅರಿಯದೆ ಅದರ ಮಾತನ್ನು ಕೇಳಿದವರು ಮೋಸಹೋಗುತ್ತಾರೆ. ಈಗಿನ ಕಾರುಗಳಲ್ಲಿ ಈ ಚಿಂತೆಯನ್ನು ತಯಾರಕರೇ ವಹಿಸಿಕೊಂಡಿರುವರು. ಹಳೆಯ ಜೀಪಿನ ಒಡೆಯರಿಗೆ ಆ ಸೌಕರ್ಯವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ವಿಲ್ಲೀಸ್ ಜೀಪಾಗಲಿ, ೧೯೫೩ರಲ್ಲಿ ಬಂದು ಬಳಿಕ ಮಹೀಂದ್ರಾದವರು ನಮ್ಮ ದೇಶದಲ್ಲಿಯೂ ತಯಾರಿಸಿದ ಎತ್ತರದ ಬಾನೆಟ್ಟಿನ ಸಿ.ಜೆ. ೩ಬಿ ಆಗಲಿ, ಕನ್ನಡಿ ಸಿಕ್ಕಿಸಲು ಗಟ್ಟಿಯಾದ ಬಾಗಿಲೇ ಇಲ್ಲದ ಗಾಡಿಗಳು. ಬಾಗಿಲೆಂದರೆ ಕ್ಯಾನ್ವಾಸು, ಅದನ್ನೂ ಅನೇಕರು ಕಳಚಿಟ್ಟಿರುತ್ತಾರೆ. ಮುಂದಿನ ಗಾಜಿನ ಚೌಕಟ್ಟನ್ನು ಬಾನೆಟ್ಟಿನ ಮೇಲಕ್ಕೆ ಮಡಿಸಬಹುದಾದುದರಿಂದ, ಅದಕ್ಕೆ ಬಿಗಿದ ಕನ್ನಡಿ ಅದರೊಡನೆಯೇ ಮಲಗಿಬಿಡುತ್ತದೆ. ಮಿಕ್ಕಿರುವ ಎಡೆಗಳು ಎರಡೇ. ಒಂದು, ಗಾಜಿನ ಚೌಕಟ್ಟಿನ ಬುಡದಲ್ಲಿ ಗಾಡಿಯ ಮೈಯ ಮೇಲೆ. ಇನ್ನೊಂದು, ಮುಂದಿನ ಮಡ್‌ಗಾರ್ಡಿನ ಮೇಲೆ. ೧೯೪೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಲ್ಯಾಂಡ್ ರೋವರಿನ ಬಾಗಿಲುಗಳನ್ನೂ ಕಳಚಬಹುದಾಗಿತ್ತು. ಅದರ ಹಳೆಯ ಮಾದರಿಗಳಲ್ಲಿ ಕನ್ನಡಿಗಳನ್ನು ಮಡ್‌ಗಾರ್ಡಿನ ಮೇಲೆ ಕಾಣುವುದೇ ವಾಡಿಕೆ. ಜಪಾನಿನಲ್ಲಂತೂ ೧೯೮೩ರವರೆಗೆ ಸಾಧಾರಣ ಕಾರುಗಳಿಗೂ ಕನ್ನಡಿ ಮಡ್‌ಗಾರ್ಡಿನ ಮೇಲೆಯೇ ಇರಬೇಕಾಗಿತ್ತು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಕ್ಯಾನ್ವಾಸಿನ ಹೊದಿಕೆ ಹಾಕಿದ ಜೀಪಿನಲ್ಲಿ ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಒಳಗಿನ ಕನ್ನಡಿಯಲ್ಲಿ ಮಂಜಿನ ಹೊರತು ಬೇರೇನೂ ಕಾಣದು. ಹಿಂದಿನ ರಸ್ತೆಯ ಸಮಾಚಾರವನ್ನೆಲ್ಲ ಪಕ್ಕದ ಕನ್ನಡಿಗಳೇ ಹೇಳಬೇಕಾಗುತ್ತದೆ.

ಈಗ ವಿಷಯಕ್ಕೆ ಬರೋಣ. ಸಮತಲ ದರ್ಪಣದ ಮುಂದೆ ನಿಂತರೆ ನಮ್ಮ ಪ್ರತಿಬಿಂಬವು ಗಾಜಿನ ಹಿಂದೆ, ನಾವಿರುವಷ್ಟೇ ದೂರದಲ್ಲಿ ಕಾಣುವುದೆಂದು ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಚಾಲಕನ ಕಣ್ಣಿಗೂ ಹೀಗೆಯೇ ಗಾಜಿನ ಹಿಂದೆ ಒಂದು ಪ್ರತಿಬಿಂಬವುಂಟು. ಕನ್ನಡಿಯನ್ನು ಗೋಡೆಯಲ್ಲಿ ಕೊರೆದ ಕಿಟಕಿಯೆಂದೂ, ಆ ಪ್ರತಿಬಿಂಬದ ಕಣ್ಣು ಕಿಟಕಿಯಾಚೆಯಿಂದ ರಸ್ತೆಯನ್ನು ನೋಡುತ್ತಿದೆಯೆಂದೂ ಭಾವಿಸಿರಿ. ಕಿಟಕಿಗೆ ಮೂಗು ತಾಗಿಸಿ ನಿಂತವನಿಗೆ ಬೀದಿಯೆಲ್ಲ ಕಾಣುತ್ತದೆ. ಕೋಣೆಯ ಆ ಕೊನೆಗೆ ಸರಿದವನಿಗೆ ಎದುರುಮನೆಯ ಬಾಗಿಲಷ್ಟೇ ಕಾಣುತ್ತದೆ. ಕನ್ನಡಿಯ ದೃಷ್ಟಿಕ್ಷೇತ್ರದ ಗುಟ್ಟೆಲ್ಲ ಇಷ್ಟೇ.

ನಮ್ಮ ಮಿತ್ರರನ್ನು ಚಾಲಕನ ಸ್ಥಾನದಲ್ಲಿ ಕುಳ್ಳಿರಿಸಿ ಅಳತೆಪಟ್ಟಿ ಹಿಡಿದೆವು. ಬಲಗಡೆ ಗಾಜಿನ ಬುಡದಲ್ಲಿ ಕನ್ನಡಿಯಿಟ್ಟರೆ ಅದು ಕಣ್ಣಿನಿಂದ ೬೦ ಸೆಂಟಿಮೀಟರ್ ಮುಂದೆ, ೪೫ ಸೆಂಟಿಮೀಟರ್ ಪಕ್ಕಕ್ಕೆ ಇರುತ್ತದೆ. ಪೈಥಾಗೊರಸನ ಕೃಪೆಯಿಂದ ನೇರ ದೂರವು ಸರಿಯಾಗಿ ೭೫ ಸೆಂಟಿಮೀಟರ್. ಮಡ್‌ಗಾರ್ಡಿನ ಮೇಲಾದರೆ ಅದು ೧೫೦ ಸೆಂಟಿಮೀಟರ್ ಮುಂದಕ್ಕೆ ಹೋಗಿ, ನೇರ ದೂರವು ೧೫೭ ಸೆಂಟಿಮೀಟರ್ ಆಗುತ್ತದೆ. ಕನ್ನಡಿಯ ಅಗಲ ೧೫ ಸೆಂಟಿಮೀಟರ್; ಅದು ಓರೆಯಾಗಿ ನಿಲ್ಲುವುದರಿಂದ ಕಣ್ಣಿಗೆ ದೊರೆಯುವ ಅಗಲ ತುಸು ಕಡಿಮೆ. ಸಮತಲ ದರ್ಪಣವಾದರೆ ಮೊದಲನೆಯ ಸ್ಥಳದಲ್ಲಿ ಸುಮಾರು ೧೧ ಡಿಗ್ರಿಯ ನೋಟ ಸಿಕ್ಕುತ್ತದೆ. ಎಂದರೆ, ೨೦ ಮೀಟರ್ ಹಿಂದೆ ಸುಮಾರು ೪ ಮೀಟರ್ ಅಗಲದ ರಸ್ತೆ ಕಾಣುತ್ತದೆ. ಮಡ್‌ಗಾರ್ಡಿನ ಮೇಲೆ ಅದೇ ಕನ್ನಡಿಯನ್ನಿಟ್ಟರೆ ಸಿಕ್ಕುವುದು ಐದೂವರೆ ಡಿಗ್ರಿ, ೨ ಮೀಟರ್ ರಸ್ತೆ. ಅರ್ಧಕ್ಕರ್ಧ ನಷ್ಟ! ಪಕ್ಕಕ್ಕೆ ಸರಿದು ಬರುವ ಬೈಕು ಆ ಸೀಳಿನಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಈ ನಷ್ಟವನ್ನು ತುಂಬಲೆಂದೇ ಮಡ್‌ಗಾರ್ಡಿಗೆ ಪೀನ ದರ್ಪಣವನ್ನು, ಎಂದರೆ ಹೊರಕ್ಕೆ ಉಬ್ಬಿದ ಕನ್ನಡಿಯನ್ನು, ಹಾಕುವರು. ನಮ್ಮ ಮಿತ್ರರ ಕನ್ನಡಿಗಳ ವಕ್ರತಾ ತ್ರಿಜ್ಯವು ೧೨೦ ಸೆಂಟಿಮೀಟರ್ ಇದ್ದಿತು. ಸಂಗಮ ದೂರವು ಅದರ ಅರ್ಧ, ೬೦ ಸೆಂಟಿಮೀಟರ್. ಪೀನ ದರ್ಪಣದ ವಿಶೇಷವೇನೆಂದರೆ, ವಸ್ತುವು ಎಷ್ಟೇ ದೂರಕ್ಕೆ ಹೋಗಲಿ, ಅದರ ಪ್ರತಿಬಿಂಬವು ಗಾಜಿನ ಹಿಂದೆ ಸಂಗಮ ದೂರವನ್ನು ಮೀರಿ ಹೋಗಲಾರದು. ಚಾಲಕನ ಕಣ್ಣಿಗೂ ಇದೇ ನಿಯಮ. ಕಣ್ಣು ೭೫ ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಪ್ರತಿಬಿಂಬವು ಕಿಟಕಿಯ ಹಿಂದೆ ೩೩ ಸೆಂಟಿಮೀಟರಿನಲ್ಲಿಯೂ, ೧೫೭ ಸೆಂಟಿಮೀಟರ್ ದೂರದಲ್ಲಿದ್ದರೆ ೪೩ ಸೆಂಟಿಮೀಟರಿನಲ್ಲಿಯೂ ಇರುತ್ತದೆ. ಎರಡು ಸಂದರ್ಭಗಳಲ್ಲಿಯೂ ಮೂಗು ಕಿಟಕಿಯ ಹತ್ತಿರವೇ ಇದ್ದಂತಾಯಿತು. ಆದುದರಿಂದಲೇ ಬುಡದಲ್ಲಿ ೨೪ ಡಿಗ್ರಿಯಿದ್ದ ನೋಟವು ಮಡ್‌ಗಾರ್ಡಿನ ಮೇಲೆ ೧೯ ಡಿಗ್ರಿಗಷ್ಟೇ ಇಳಿಯುತ್ತದೆ. ಇಷ್ಟನ್ನು ಮಾತ್ರ ನೋಡಿದವರು ಪೀನ ದರ್ಪಣವನ್ನು ಎಲ್ಲಿ ಬೇಕಾದರೂ ಇಡಬಹುದೆಂದು ತೀರ್ಮಾನಿಸಿಬಿಡುತ್ತಾರೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನು ತೆರೆಯಬೇಕು. ೨೦ ಮೀಟರ್ ಹಿಂದಿರುವ ಬಸ್ಸಿನ ಪ್ರತಿಬಿಂಬವು ಆ ದರ್ಪಣದ ಹಿಂದೆ ೫೮ ಸೆಂಟಿಮೀಟರಿನಲ್ಲಿ, ಮೂಲದ ಮೂವತ್ತನಾಲ್ಕರಲ್ಲಿ ಒಂದು ಪಾಲಿನಷ್ಟು ಗಾತ್ರದಲ್ಲಿ ಮೂಡುತ್ತದೆ. ಅದೊಂದು ಆಟಿಕೆಯ ಬಸ್ಸು. ಆಟಿಕೆಯನ್ನು ಹತ್ತಿರದಿಂದ ನೋಡಿದರೆ ತಕ್ಕಮಟ್ಟಿಗೆ ದೊಡ್ಡದಾಗಿ ಕಂಡೀತು. ದೂರ ಸರಿದಂತೆ ಬೇಗ ಬೇಗ ಕುಗ್ಗುತ್ತದೆ. ಕನ್ನಡಿ ಗಾಜಿನ ಬುಡದಲ್ಲಿದ್ದರೆ ಈ ಆಟಿಕೆಯು ಕಣ್ಣಿನಿಂದ ೧೩೩ ಸೆಂಟಿಮೀಟರ್ ದೂರದಲ್ಲಿರುತ್ತದೆ. ನಿಜವಾದ ಬಸ್ಸು ೪೬ ಮೀಟರ್ ಹಿಂದಿದ್ದರೆ ಎಷ್ಟು ದೊಡ್ಡದಾಗಿ ಕಾಣಬೇಕೋ ಅಷ್ಟಾಗಿ ಕಾಣುತ್ತದೆ. ಕನ್ನಡಿ ಮಡ್‌ಗಾರ್ಡಿನ ಮೇಲಿದ್ದರೆ ಆಟಿಕೆ ೨೧೫ ಸೆಂಟಿಮೀಟರ್ ದೂರವಾಗಿ, ಬಸ್ಸು ೭೪ ಮೀಟರ್ ಹಿಂದಿದ್ದಂತೆ ತೋರುತ್ತದೆ. ಇಪ್ಪತ್ತೆಲ್ಲಿ, ಎಪ್ಪತ್ತನಾಲ್ಕೆಲ್ಲಿ! ಸಮತಲ ದರ್ಪಣವನ್ನು ದೂರವಿಟ್ಟರೆ ನೋಟದ ಅಗಲ ಹೋಗುತ್ತದೆ. ಪೀನ ದರ್ಪಣವನ್ನು ದೂರವಿಟ್ಟರೆ ಅಗಲ ಉಳಿದು, ದೂರದ ಅಂದಾಜು ಹೋಗುತ್ತದೆ. ಮಿತ್ರರಿಗೆ ಆದುದು ಇದೇ.

ಅಮೆರಿಕದ ನಿಯಮವು ಚಾಲಕನ ಬದಿಗೆ ಸಮತಲ ದರ್ಪಣವನ್ನೇ ಬಯಸುತ್ತದೆ. ಇನ್ನೊಂದು ಬದಿಯ ಕನ್ನಡಿ ಪೀನವಾಗಿದ್ದರೆ, ಕಾಣುವುದಕ್ಕಿಂತ ವಸ್ತುಗಳು ಹತ್ತಿರದಲ್ಲಿವೆಯೆಂಬ ಎಚ್ಚರಿಕೆಯನ್ನು ಗಾಜಿನ ಮೇಲೆ ಕೆತ್ತಿಸಬೇಕು. ಯುರೋಪಿನ ನಿಯಮವು ಎರಡೂ ಬದಿಗೆ ಪೀನವನ್ನು ಒಪ್ಪಿದರೂ, ಕಾರುಗಳ ಮುಖ್ಯ ಕನ್ನಡಿಯ ವಕ್ರತಾ ತ್ರಿಜ್ಯವು ೧೨೦ ಸೆಂಟಿಮೀಟರಿಗೆ ಕಡಿಮೆಯಾಗಕೂಡದೆಂದು ಕಟ್ಟುಮಾಡಿದೆ. ಅಂಗಡಿಯಲ್ಲಿ ಚಂದಕ್ಕೆಂದು ಮಾರುವ ಪುಟ್ಟ ದುಂಡು ಕನ್ನಡಿಗಳಲ್ಲಿ ಇದಕ್ಕಿಂತ ಬಹಳ ಉಬ್ಬಿದವುಗಳಿರುತ್ತವೆ.

ಉಬ್ಬನ್ನು ಅಂಗಡಿಯಲ್ಲಿಯೇ ಅಳೆಯಬಹುದು. ಕನ್ನಡಿಯ ನಡುವೆ ಹಾಯುವಂತೆ ಒಂದು ನೇರವಾದ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡು ಕೊನೆಗಳಲ್ಲಿಯೂ ಸಂದು ಸಮನಾಗುವಂತೆ ಹಿಡಿಯಿರಿ. ಗಾಜಿನ ಅಗಲ ೧೫ ಸೆಂಟಿಮೀಟರ್ ಇದ್ದು, ಅಂಚಿನಲ್ಲಿ ೨.೩ ಮಿಲಿಮೀಟರ್ ಸಂದು ಬಿಟ್ಟರೆ ತ್ರಿಜ್ಯ ೧೨೦ ಸೆಂಟಿಮೀಟರ್. ಸಂದು ಅದಕ್ಕಿಂತ ಹೆಚ್ಚಾದಷ್ಟೂ ಕನ್ನಡಿ ಹೆಚ್ಚು ಉಬ್ಬಿದೆಯೆಂದರ್ಥ, ೪.೭ ಮಿಲಿಮೀಟರ್ ಆದರೆ ತ್ರಿಜ್ಯವು ೬೦ಕ್ಕೆ ಇಳಿದಿರುತ್ತದೆ. ಬರೆಯುವ ಕಾಗದದ ನೂರು ಹಾಳೆಗಳು ಸುಮಾರು ೧ ಸೆಂಟಿಮೀಟರ್ ದಪ್ಪವಿರುವುದರಿಂದ, ಸಂದಿನಲ್ಲಿ ಎಷ್ಟು ಹಾಳೆ ತೂರುವುವೆಂದು ಎಣಿಸಿದರೂ ಸಾಕು. ಅಂಗಡಿಯವನು ವಿಚಿತ್ರವಾಗಿ ನೋಡಿದರೆ ನೋಡಲಿ. ಸಮತಲ ದರ್ಪಣವನ್ನು ಕೊಳ್ಳುವಾಗ ಅದರಲ್ಲಿ ದೂರದ ವಿದ್ಯುತ್ ಕಂಬವೊಂದನ್ನು ನೋಡುತ್ತ ತಲೆಯನ್ನು ಮೆಲ್ಲನೆ ಅತ್ತಿತ್ತ ಆಡಿಸಬೇಕು. ಕಂಬವು ಹಾವಿನಂತೆ ಬಳುಕಿದರೆ ಆ ಗಾಜು ಬೇಡ.

ಪೀನ ದರ್ಪಣವನ್ನು ಇಷ್ಟು ಹಳಿದ ಮೇಲೆ ಅದರ ಒಂದು ಸದ್ಗುಣವನ್ನೂ ಹೇಳಲೇಬೇಕು. ಅದರಲ್ಲಿ ವಾಹನದ ಗಾತ್ರ ನಂಬಲರ್ಹವಲ್ಲ. ಆದರೆ ಗಾತ್ರವು ಬೆಳೆಯುವ ರೀತಿ ಪೂರ್ತಿ ನಂಬಲರ್ಹ. ವಾಹನದ ದೂರ ಅರ್ಧವಾದಾಗ ಸಮತಲ ದರ್ಪಣದಲ್ಲಿ ಅದು ಹೇಗೆ ಸುಮಾರು ಇಮ್ಮಡಿಯಾಗುವುದೋ, ಪೀನ ದರ್ಪಣದಲ್ಲಿಯೂ ಹಾಗೆಯೇ ಇಮ್ಮಡಿಯಾಗುತ್ತದೆ. ಆದುದರಿಂದ ಒಮ್ಮೆ ನೋಡಿ ತಿರುಗುವುದು ಅಪಾಯ. ಒಂದು ನೋಟ, ನಡುವೆ ರಸ್ತೆಯ ಕಡೆಗೆ ಕಣ್ಣು, ಮತ್ತೊಂದು ನೋಟ. ಅಷ್ಟರೊಳಗೆ ಬೆಂಕಿಪೆಟ್ಟಿಗೆ ಗಣನೀಯವಾಗಿ ಹಿಗ್ಗಿದ್ದರೆ ಬಸ್ಸು ಬಂದೇ ಬಿಟ್ಟಿತೆಂದು ತಿಳಿಯಬೇಕು. ನಲವತ್ತೈದು ದಾಟಿದವರಿಗೆ ಇನ್ನೊಂದು ತೊಡಕುಂಟು. ಸಮತಲ ದರ್ಪಣದಲ್ಲಿ ಬಸ್ಸಿನ ಬಿಂಬವು ಕಣ್ಣಿಗೆ ೨೦ ಮೀಟರಿಗೂ ಆಚೆಯಿರುತ್ತದೆ. ಪೀನದಲ್ಲಿ ಒಂದೆರಡು ಮೀಟರಿನಲ್ಲಿಯೇ ಇರುತ್ತದೆ. ದೂರದ ರಸ್ತೆಯಿಂದ ಆ ಹತ್ತಿರದ ಬಿಂಬಕ್ಕೆ ದೃಷ್ಟಿಯನ್ನು ಹೊಂದಿಸಲು ವಯಸ್ಸಾದ ಕಣ್ಣು ತಡಕಾಡುತ್ತದೆ.

ಮಡ್‌ಗಾರ್ಡಿನ ಪಕ್ಷದವರಿಗೂ ವಾದವಿಲ್ಲದಿಲ್ಲ. ಬುಡದ ಬಲಗನ್ನಡಿಯನ್ನು ನೋಡಲು ನೇರ ನೋಟದಿಂದ ೩೭ ಡಿಗ್ರಿ ತಿರುಗಬೇಕು, ಮಡ್‌ಗಾರ್ಡಿನದಕ್ಕೆ ೧೭ ಡಿಗ್ರಿ ಸಾಕು. ಎಡಗನ್ನಡಿಯ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಅದು ಚಾಲಕನಿಂದ ಸುಮಾರು ೧೨೫ ಸೆಂಟಿಮೀಟರ್ ಪಕ್ಕಕ್ಕಿರುವುದರಿಂದ, ಬುಡದಲ್ಲಿದ್ದರೆ ೬೪ ಡಿಗ್ರಿ ಕತ್ತು ಹೊರಳಿಸಬೇಕು. ಮಡ್‌ಗಾರ್ಡಿನ ತುದಿಗೆ ಒಯ್ದರೆ ೩೮. ಆದರೆ ಮಡ್‌ಗಾರ್ಡಿನ ಕನ್ನಡಿಯನ್ನು ಮುಂದಿನ ಗಾಜಿನ ಮೂಲಕವೇ ನೋಡಬೇಕು. ಮಲೆನಾಡಿನ ಆಷಾಢದ ಮಳೆಯಲ್ಲಿ, ವೈಪರು ಒರೆಸದ ಮೂಲೆಯಲ್ಲಿ ಕನ್ನಡಿಯಿದ್ದರೆ ಅದು ಇದ್ದೂ ಇಲ್ಲದಂತೆ.

ನಡುಕದ ವಿಚಾರವನ್ನು ಸಂಕ್ಷೇಪವಾಗಿ ಹೇಳುವೆವು. ಕನ್ನಡಿ ಎಷ್ಟು ತಿರುಗಿದರೆ ಪ್ರತಿಫಲಿತ ಕಿರಣವು ಅದರ ಎರಡರಷ್ಟು ತಿರುಗುತ್ತದೆ. ಗಾಜು ಕಾಲು ಡಿಗ್ರಿ ಅದುರಿದರೆ ೨೦ ಮೀಟರ್ ಹಿಂದಿನ ನೋಟವು ೧೭ ಸೆಂಟಿಮೀಟರ್ ಅದುರುತ್ತದೆ. ಬೈಕಿನ ದೀಪವು ಚುಕ್ಕೆಯಾಗಿರದೆ ಗೆರೆಯಾಗಿ ಕಾಣುತ್ತದೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ ೬೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೨೦ ಬಾರಿ ಗುದ್ದುತ್ತದೆ, ೧೮೦೦ ಸುತ್ತಿಗೆ ೬೦ ಬಾರಿ. ಕನ್ನಡಿಯ ತೋಳಿನ ಸ್ವಾಭಾವಿಕ ಕಂಪನವು ಇವುಗಳಲ್ಲಿ ಯಾವುದಕ್ಕಾದರೂ ತಾಳೆಯಾದರೆ ಆ ವೇಗದಲ್ಲಿ ಅನುರಣನವುಂಟಾಗಿ ಬಿಂಬವೆಲ್ಲ ಕದಡುತ್ತದೆ. ತೋಳನ್ನು ೩೦ ಸೆಂಟಿಮೀಟರಿನಿಂದ ೨೦ಕ್ಕೆ ಇಳಿಸಿದರೆ ಕಂಪನಾಂಕವು ಸುಮಾರು ೧.೮ ಪಟ್ಟು ಏರಿ ಈ ಗುದ್ದುಗಳಿಂದ ದೂರ ಸರಿಯುತ್ತದೆ. ಒಂಟಿ ಕಡ್ಡಿಗಿಂತ ತ್ರಿಕೋನವಾಗಿ ಬಿಗಿದ ಎರಡು ಕಾಲಿನ ತೋಳು ಬಹಳ ಮೇಲು. ಕೀಲು ಮಾತ್ರ ಮಡಚುವಂತಿರಬೇಕು. ತೋಟದ ದಾರಿಯಲ್ಲಿ ಲಂಟಾನದ ಪೊದೆ ತಾಗಿದಾಗ ಕನ್ನಡಿ ಬಾಗಲಿ, ಮುರಿಯದಿರಲಿ.

ಕೂರಿಸುವ ಕೋನಕ್ಕೆ ಒಂದು ಮಾತು. ೧೯೯೫ರಲ್ಲಿ ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರು, ಪಕ್ಕದ ಕನ್ನಡಿಯಲ್ಲಿ ತನ್ನ ಗಾಡಿಯ ಮೈ ಕಾಣದಷ್ಟು ಹೊರಕ್ಕೆ ತಿರುಗಿಸಿದರೆ ಕುರುಡು ಪ್ರದೇಶವು ಬಹಳ ಕುಗ್ಗುವುದೆಂದು ರೇಖಾಗಣಿತದಿಂದ ತೋರಿಸಿದರು. ಕಾರಿಗೆ ಇದು ಒಳ್ಳೆಯ ಸಲಹೆ. ಏಕೆಂದರೆ ನೇರ ಹಿಂಬದಿಯನ್ನು ಒಳಗನ್ನಡಿ ನೋಡಿಕೊಳ್ಳುತ್ತದೆ. ಹೊದಿಕೆಯ ಜೀಪಿನಲ್ಲಿ ಒಳಗನ್ನಡಿಯೇ ಕುರುಡಾದುದರಿಂದ, ಗಾಡಿಯ ಮೈ ಕನ್ನಡಿಯ ಒಳ ಅಂಚಿನಲ್ಲಿ ಒಂದು ಬೆರಳಿನಷ್ಟು ಕಾಣುವಂತೆ ಇಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹೊದಿಕೆ ತೆಗೆದಾಗ ಪ್ಲಾಟ್ಜರರ ಮಾತನ್ನು ಧಾರಾಳವಾಗಿ ಪಾಲಿಸಬಹುದು.

ಮಿತ್ರರ ಜೀಪಿನಲ್ಲಿ ಈಗ ಬಲಗಡೆ, ಗಾಜಿನ ಬುಡದಲ್ಲಿ, ಎರಡು ಕಾಲಿನ ಗಿಡ್ಡ ತೋಳಿನ ಮೇಲೆ ಸಮತಲ ದರ್ಪಣವಿದೆ. ಹಿಂದೆ ಹಾಕಬೇಕಾದಾಗ ನಂಬಬೇಕಾದುದು ಬಲಗನ್ನಡಿಯೇ ಆದುದರಿಂದ ಇದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಎಡಕ್ಕೆ ಪೀನ ದರ್ಪಣವೆಂಬುದನ್ನೂ ಇಬ್ಬರೂ ಒಪ್ಪಿದೆವು. ಅಲ್ಲಿ ಬೇಕಾದುದು ಚರಂಡಿಯ ಅಂಚೂ, ಸಂದಿಯಲ್ಲಿ ನುಗ್ಗುವ ಬೈಕೂ ಕಾಣುವಷ್ಟು ಅಗಲ. ಅದನ್ನು ಎಲ್ಲಿಡಬೇಕೆಂಬಲ್ಲಿ ಮಾತ್ರ ಜಗಳ ಮುಗಿದಿಲ್ಲ. ಎರಡು ಕಡೆಯೂ ನೋಟದ ಅಗಲ ೧೭ ಡಿಗ್ರಿಯೇ. ಬುಡದಲ್ಲಿಟ್ಟರೆ ೨೦ ಮೀಟರಿನ ಬಸ್ಸು ೬೮ ಮೀಟರಿನದಾಗಿಯೂ, ಮಡ್‌ಗಾರ್ಡಿನ ಮೇಲೆ ೯೦ ಮೀಟರಿನದಾಗಿಯೂ ಕಾಣುವುದೆಂದು ನಾವು ಲೆಕ್ಕ ತೋರಿಸಿದೆವು. ಅವರು ತಮ್ಮ ಕತ್ತಿನ ನೋವನ್ನು ತೋರಿಸಿದರು. ಸದ್ಯಕ್ಕೆ ಕನ್ನಡಿ ಮಡ್‌ಗಾರ್ಡಿನ ಮೇಲೆಯೇ ಇದೆ.