ಶರೀರದಲ್ಲಿ ಲೋಹವಿಷ: ಪರೀಕ್ಷೆ ಯಾವಾಗ, ಹೇಗೆ?

ಮಗು ಮೊದಲಿನಂತೆ ಉಣ್ಣುವುದಿಲ್ಲ. ಆಗಾಗ ಹೊಟ್ಟೆನೋವೆಂದು ಅಳುತ್ತದೆ. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡಿದೆ. ಪಾಠದಲ್ಲಿಯೂ ಹಿಂದೆ ಬಿದ್ದಿದೆ. ಮನೆಯ ಹಿರಿಯರು ಇದನ್ನು ಜಂತುಹುಳುವಿನ ಬಾಧೆಯೆಂದೋ ದೃಷ್ಟಿ ತಗುಲಿದೆಯೆಂದೋ ಭಾವಿಸುತ್ತಾರೆ. ಇಂತಹ ಲಕ್ಷಣಗಳಿಗೆ ಕಾರಣಗಳು ಹಲವು. ಅವುಗಳಲ್ಲಿ ಸೀಸವೂ ಒಂದಾಗಿರಬಹುದೆಂಬ ವಿಚಾರ ಮಾತ್ರ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಮೊದಲಾದವು ಸದ್ದಿಲ್ಲದೆ ಶರೀರವನ್ನು ಸೇರುತ್ತವೆ. ಲಕ್ಷಣಗಳಿಂದಷ್ಟೇ ಇವನ್ನು ಗುರುತಿಸುವುದು ವೈದ್ಯರಿಗೂ ಕಷ್ಟ, ಪರೀಕ್ಷೆ ಅಗತ್ಯ. ಆದರೆ ಯಾವ ಲೋಹವನ್ನು, ಯಾವಾಗ, ರಕ್ತದಲ್ಲಿಯೋ ಮೂತ್ರದಲ್ಲಿಯೋ ಹುಡುಕಬೇಕೆಂಬುದನ್ನು ಮೊದಲು ನಿಶ್ಚಯಿಸದಿದ್ದರೆ ಆ ಪರೀಕ್ಷೆಯೇ ದಾರಿ ತಪ್ಪಿಸಬಹುದು.

ನಗರವಾಸಿಗಳಿಗೆ ಈ ಸಮಸ್ಯೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ಸಂಸ್ಥೆಯು ಬೆಂಗಳೂರು, ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದ್ ಮೊದಲಾದ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮಿಗಿಲಾದ ಸೀಸ ಕಂಡುಬಂದಿತು. 2000ನೆಯ ಇಸವಿಯಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ದೇಶದಲ್ಲಿ ನಿಂತಿತು. ಆದರೂ ಗೋಡೆ, ಕಿಟಕಿಗಳಿಂದ ಉದುರುವ ಹಳೆಯ ಬಣ್ಣ, ಬ್ಯಾಟರಿ ಒಡೆದು ಕರಗಿಸುವ ಕಾರ್ಖಾನೆಗಳು, ಕಲಬೆರಕೆಯ ಅರಿಸಿನ, ಕೆಲವು ಬಗೆಯ ಸಿಂಧೂರ ಮತ್ತು ಸುರ್ಮಾ, ಲೋಹಾಂಶವಿರುವ ಕೆಲವು ಔಷಧಿಗಳು ಇಂದಿಗೂ ಸೀಸದ ಮೂಲಗಳಾಗಿವೆ. ಸೀಸದ ವಿಷಯದಲ್ಲಿ ಸಂಪೂರ್ಣ ನಿರಪಾಯವೆನ್ನಬಹುದಾದ ಮಟ್ಟವೇ ಇಲ್ಲ. ರಕ್ತದಲ್ಲಿ ಅದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲವನ್ನು ಪತ್ತೆಹಚ್ಚಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ.

ಸೀಸಕ್ಕೆ ರಕ್ತಪರೀಕ್ಷೆಯೇ ಮುಖ್ಯ. ಆದರೆ ಅದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ರಕ್ತವು ಚಾಲ್ತಿ ಖಾತೆಯಿದ್ದಂತೆ, ಮೂಳೆಯು ನಿಶ್ಚಿತ ಠೇವಣಿಯಿದ್ದಂತೆ. ಸಂಪರ್ಕ ತಪ್ಪಿದರೆ ರಕ್ತದ ಸೀಸ ಸುಮಾರು ಒಂದು ತಿಂಗಳಿನಲ್ಲಿ ಅರ್ಧಕ್ಕಿಳಿಯಬಹುದು. ವಯಸ್ಕರ ಶರೀರದ ಸೀಸದಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿ ಸಂಚಯವಾಗಿದ್ದು, ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಗರ್ಭಿಣಿಯ ಮೂಳೆಯಿಂದ ಸುಣ್ಣದಂಶದೊಡನೆ ಅದೂ ಹೊರಬಂದು ಶಿಶುವನ್ನು ಸೇರಬಲ್ಲದು. ಆದುದರಿಂದ ಇಂದಿನ ರಕ್ತದ ಲೆಕ್ಕ ಚೊಕ್ಕಟವಾಗಿದ್ದ ಮಾತ್ರಕ್ಕೆ ಹಳೆಯ ಬಾಕಿ ತೀರಿತೆಂದು ಹೇಳಲಾಗದು.

ಆರ್ಸೆನಿಕ್‌ನ ರೀತಿ ಬೇರೆ. ಅದು ಕೆಲವೇ ಗಂಟೆಗಳಲ್ಲಿ ರಕ್ತವನ್ನು ಬಿಟ್ಟು, ಮುಂದಿನ ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಆದುದರಿಂದ ಅದನ್ನು ಮೂತ್ರದಲ್ಲಿ ಹುಡುಕಬೇಕು. ಇಲ್ಲಿ ಕರಾವಳಿಯವರು ಗಮನಿಸಬೇಕಾದ ಸಂಗತಿಯೊಂದಿದೆ. ಸಮುದ್ರದ ಮೀನು, ಸಿಗಡಿಗಳಲ್ಲಿ ಬಹುಮಟ್ಟಿಗೆ ನಿರಪಾಯಕಾರಿಯಾದ ಬೇರೊಂದು ರೂಪದ ಆರ್ಸೆನಿಕ್ ಇರುತ್ತದೆ. ಹಿಂದಿನ ರಾತ್ರಿ ಬಂಗುಡೆ ಉಂಡು ಬೆಳಿಗ್ಗೆ ಮೂತ್ರ ಕೊಟ್ಟವರ ವರದಿಯಲ್ಲಿ ಅಂಕಿ ಏರಿ ವೃಥಾ ಭಯವುಂಟಾಗಬಹುದು. ಪರೀಕ್ಷೆಗೆ ಮುಂಚೆ ಮೂರು ನಾಲ್ಕು ದಿನ ಮೀನನ್ನು ವರ್ಜಿಸುವುದು ಲೇಸು.

ಪಾದರಸದಲ್ಲಿಯೂ ಎರಡು ಬಗೆ. ಕೆಲಸದ ಸ್ಥಳದಲ್ಲಿ ಅದರ ಆವಿಯನ್ನು ಬಹುಕಾಲ ಸೇವಿಸಿದವರಿಗೆ ಮೂತ್ರಪರೀಕ್ಷೆ ಉಚಿತ. ಮೀನಿನ ಮೂಲಕ ಬರುವ ಮೀಥೈಲ್ ಪಾದರಸ ರಕ್ತದಲ್ಲಿಯೂ ಕೂದಲಿನಲ್ಲಿಯೂ ಕಾಣಿಸುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಘೋರ ವ್ಯಾಧಿಗೆ ಕಾರಣವಾದುದು ಈ ಎರಡನೆಯ ಬಗೆ. ಧೂಮಪಾನಿಗಳ ಶರೀರದಲ್ಲಿ ಹೆಚ್ಚಾಗಿ ಸೇರುವ ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ದೀರ್ಘಕಾಲದ ಸಂಗ್ರಹವನ್ನು ಮೂತ್ರ ತಿಳಿಸುತ್ತದೆ.

ಒಂದು ವಿಧದ ಪರೀಕ್ಷೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಲೋಹವನ್ನು ಹೊರದೂಡುವ ಔಷಧಿಯನ್ನು ಮೊದಲು ಕೊಟ್ಟು, ಅನಂತರ ಮೂತ್ರವನ್ನು ಅಳೆದು, ಸಾಮಾನ್ಯ ಜನರ ಅಂಕಿಯೊಡನೆ ಹೋಲಿಸುವ ಪದ್ಧತಿ ಕೆಲವೆಡೆ ಇದೆ. ಇಂತಹ ಔಷಧಿ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲಿಯೂ ಲೋಹ ಹೆಚ್ಚಾಗಿ ಕಾಣುವುದು ಸಹಜ. ಈ ಕ್ರಮಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ವಿಷವೈದ್ಯ ತಜ್ಞರ ಸಂಸ್ಥೆ ಸ್ಪಷ್ಟಪಡಿಸಿದೆ. ಆ ಔಷಧಿಗಳನ್ನು ಅನಗತ್ಯವಾಗಿ ಸೇವಿಸುವುದು ಅಪಾಯಕರ.

ಹಾಗಾದರೆ ಮಾಡಬೇಕಾದುದೇನು? ಮನೆ, ಉದ್ಯೋಗ, ಆಹಾರ, ಸೇವಿಸುವ ಔಷಧಿ ಇವೆಲ್ಲವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸೀಸ ಹೆಚ್ಚೆಂದು ಕಂಡರೆ, ಚರ್ಮದ ಮೇಲಿನ ಧೂಳೂ ಅದಕ್ಕೆ ಕಾರಣವಾಗಿರಬಹುದು. ರಕ್ತನಾಳದಿಂದ ರಕ್ತ ತೆಗೆಸಿ ಖಚಿತಪಡಿಸಿಕೊಳ್ಳಬೇಕು. ದೋಷ ನಿಜವೆಂದಾದರೆ ಮೊದಲ ಚಿಕಿತ್ಸೆ ಮೂಲದ ನಿವಾರಣೆ. ಬ್ಯಾಟರಿ ಕಾರ್ಖಾನೆಯಲ್ಲಿ ದುಡಿಯುವ ತಂದೆ ಕೆಲಸದ ಬಟ್ಟೆ ಕಳಚಿ, ಸ್ನಾನ ಮಾಡಿದ ಮೇಲೆ ಮಗುವನ್ನೆತ್ತಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ಮೂಲ ಹಾಗೆಯೇ ಉಳಿದರೆ, ಎಷ್ಟು ಬಾರಿ ಪರೀಕ್ಷೆ ಮಾಡಿಸಿದರೂ ವರದಿಯ ಕಾಗದಗಳು ಹೆಚ್ಚಬಹುದೇ ಹೊರತು ಮಗುವಿನ ಆರೋಗ್ಯ ಸುಧಾರಿಸದು.