ಫಲಕದ ಮೇಲಿನ ಮೂವತ್ತು ದಿನಗಳು

ಕ್ರಯಪತ್ರದ ನೋಂದಣಿಗೆಂದು ಉಪನೋಂದಣಾಧಿಕಾರಿ ಕಚೇರಿಗೆ ಹೋದವರು ಅಲ್ಲಿನ ಸೂಚನಾ ಫಲಕವನ್ನು ಓದುವುದು ಕಡಿಮೆ. ಸರದಿ ಬರುವವರೆಗೆ ಹೊತ್ತು ಹೋಗದೆ ಒಮ್ಮೆ ನಾನು ಓದಿದೆ. ಒಬ್ಬ ಯುವಕ, ಒಬ್ಬ ಯುವತಿ. ಅವರ ಹೆಸರು, ವಯಸ್ಸು, ಉದ್ಯೋಗ, ಮನೆಯ ವಿಳಾಸ. ಇಬ್ಬರದೂ ಬೇರೆ ಬೇರೆ ಧರ್ಮವೆಂಬುದು ಹೆಸರಿನಿಂದಲೇ ತಿಳಿಯುತ್ತಿತ್ತು. ಸಂಬಂಧವೇ ಇಲ್ಲದ ನನಗೆ ಅವರ ಮನೆ ಯಾವ ಬೀದಿಯಲ್ಲಿದೆ ಎಂಬುದು ಕೂಡ ತಿಳಿದುಹೋಯಿತು.

ಇದು ಗುಮಾಸ್ತರ ಅಚಾತುರ್ಯವಲ್ಲ, ಕಾನೂನಿನ ಆದೇಶ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ, ಮದುವೆಯಾಗುವವರು ನೀಡಿದ ನೋಟಿಸನ್ನು ಕಚೇರಿಯಲ್ಲಿ ಎದ್ದುಕಾಣುವಂತೆ ಪ್ರಕಟಿಸಬೇಕು. ಮೂವತ್ತು ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತದೆ. ಜೀವಂತವಿರುವ ಪತಿ ಅಥವಾ ಪತ್ನಿ, ವಯಸ್ಸು, ಸಮ್ಮತಿ ನೀಡುವ ಮಾನಸಿಕ ಸಾಮರ್ಥ್ಯ, ನಿಷಿದ್ಧ ರಕ್ತಸಂಬಂಧ: ಆಕ್ಷೇಪಣೆಗೆ ಇಂಥ ಕೆಲವೇ ಆಧಾರಗಳು. ಅಪ್ಪನ ಸಿಟ್ಟು ಆ ಪಟ್ಟಿಯಲ್ಲಿಲ್ಲ. ಆದರೆ ಅಪ್ಪನಿಗೆ, ಸೋದರಮಾವನಿಗೆ, ಬೀದಿಯ ಸ್ವಯಂಘೋಷಿತ ಧರ್ಮರಕ್ಷಕರಿಗೆ ಲಿಖಿತ ಆಕ್ಷೇಪಣೆಯ ಗೊಡವೆಯೇಕೆ? ಅವರಿಗೆ ಬೇಕಾದುದು ವಿಳಾಸ ಮಾತ್ರ.

ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟ ಆ ಮದುವೆಗೆ ಇಬ್ಬರು ತಂದೆಯರೂ ಒಪ್ಪಿದ್ದರು; ಒಪ್ಪದವನು ಅರಸ ಬಿಜ್ಜಳ. ಇಂದು ಪರಿಸ್ಥಿತಿ ತಿರುಗುಮುರುಗು. ಪ್ರಭುತ್ವ ಒಪ್ಪಿದೆ, ಮನೆಯವರು ಒಪ್ಪುವುದಿಲ್ಲ. ಒಪ್ಪದ ಮನೆಯವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಮಾತ್ರ ಪ್ರಭುತ್ವವೇ ವಹಿಸಿಕೊಂಡಿದೆ.

ಇದರ ಪರಿಣಾಮವನ್ನೂ ನೋಡಬೇಕು. 1872ರ ಕಾಯ್ದೆಯಡಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. ಧರ್ಮ ಬಿಡದೆಯೇ ಮದುವೆಯಾಗಲು ದಾರಿ ಮಾಡಿದ್ದು 1954ರ ಕಾಯ್ದೆಯ ಹಿರಿಮೆ. ಆದರೆ ತಿಂಗಳ ಕಾಲ ಅಡಗಿರಲು ಜಾಗವಿಲ್ಲದ ಜೋಡಿ ಏನು ಮಾಡೀತು? ಒಬ್ಬರು ತರಾತುರಿಯಲ್ಲಿ ಮತಾಂತರಗೊಂಡು ಇನ್ನೊಬ್ಬರ ವಿಧಿಯಂತೆ ಮದುವೆಯಾಗುತ್ತಾರೆ. ‘ಮದುವೆಗಾಗಿ ಮತಾಂತರ’ ಎಂದು ಆಮೇಲೆ ಬೊಬ್ಬೆ ಹೊಡೆಯುವವರು ಈ ಫಲಕದ ಬಗ್ಗೆ ಮಾತನಾಡಿದ್ದನ್ನು ನಾನಂತೂ ಕೇಳಿಲ್ಲ.

ಮದುವೆಯಾದವನೇ ಮತ್ತೊಬ್ಬಳನ್ನು ವಂಚಿಸುವುದನ್ನು ತಡೆಯಲು ನೋಟಿಸು ಬೇಕೆಂಬ ವಾದವಿದೆ. ಆ ಕಾಳಜಿ ಸುಳ್ಳಲ್ಲ. ಆದರೆ ಅದೇ ಅಪಾಯ ಹಿಂದೂ ವಿವಾಹದಲ್ಲೂ ಇದೆ. ಅಲ್ಲಿ ಯಾವ ಕಾಯ್ದೆಯೂ ಫಲಕಕ್ಕೆ ನೋಟಿಸು ಅಂಟಿಸಲು ಹೇಳುವುದಿಲ್ಲ. ಜಾತಿ ಬೇರೆಯಾಗಿ ಧರ್ಮ ಒಂದೇ ಆಗಿದ್ದರೆ ಸಪ್ತಪದಿ ತುಳಿದು ಅಂದೇ ಗಂಡಹೆಂಡಿರಾಗಬಹುದು.

ನೋಟಿಸಿನ ಪ್ರಕಟಣೆ ದಂಪತಿಯ ಇಚ್ಛೆಗೆ ಬಿಟ್ಟದ್ದೆಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಅದಕ್ಕೂ ಮೊದಲು, 2020ರಲ್ಲಿ, ಕೇರಳ ಸರ್ಕಾರ ಇಂಥ ನೋಟಿಸುಗಳನ್ನು ಅಂತರ್ಜಾಲದಲ್ಲಿ ಹಾಕುವುದನ್ನು ನಿಲ್ಲಿಸಿತು. ಆದರೂ ಕಾಯ್ದೆಯ ಅಕ್ಷರ ಬದಲಾಗಿಲ್ಲ, ಬದಲಿಸಬೇಕಾದದ್ದು ಸಂಸತ್ತು.

ಅಂದು ನನ್ನ ಸರದಿ ಬಂತು, ಸಹಿ ಮಾಡಿ ಹೊರಬಂದೆ. ಆ ಜೋಡಿಗೆ ಇನ್ನೂ ಹತ್ತೊಂಬತ್ತು ದಿನ ಬಾಕಿಯಿತ್ತು.